ದೋಟಿಯ ಬಾಯಿ: ಗಣಕದ ಕರ್ಸರ್ ರಚನೆಯಲ್ಲಿ ಔಚಿತ್ಯವಿಚಾರ

೧

ಗಣಕದ ತೆರೆಯ ಮೇಲೆ ಮೌಸಿನ ಚಲನೆಗನುಸಾರವಾಗಿ ಸಂಚರಿಸುವ ಕಿರುಚಿತ್ರಕ್ಕೆ ಕರ್ಸರ್ ಎಂದು ಹೆಸರು. ಕಾವ್ಯದ ಗುಣದೋಷಗಳ ವಿವೇಚನೆಗೆ ಮೀಸಲಾದ ಪತ್ರಿಕೆಯಲ್ಲಿ ಇಂಥ ಅಲ್ಪವಸ್ತುವಿನ ವಿಮರ್ಶೆಗೆ ಎಡೆಯೆಲ್ಲಿ ಎಂದು ವಾಚಕರು ಶಂಕಿಸಬಹುದು. ಕರ್ಸರ್ ಒಂದು ಸಂಕೇತ. ಅದಕ್ಕೆ ರೂಪವುಂಟು, ಆ ರೂಪವು ತೋರಿಸುವ ಅರ್ಥವೂ ಉಂಟು. ಇವೆರಡರ ಸಂಬಂಧವನ್ನು ಕುರಿತು ನಮ್ಮ ಅಲಂಕಾರಶಾಸ್ತ್ರವು ಶತಮಾನಗಳಿಂದ ಚಿಂತಿಸುತ್ತ ಬಂದಿದೆ. ಆದುದರಿಂದ ಈ ವಿಷಯವು ನಮಗೆ ಸಂಪೂರ್ಣ ಪರಕೀಯವಲ್ಲ.

ಪ್ರಕೃತ ಲೇಖನಕ್ಕೆ ನಿಮಿತ್ತವಾದುದು ಒಬ್ಬ ವಿದ್ಯಾರ್ಥಿಯ ಕೃತಿ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಎಕ್ಕಂಬಿ ಎಂಬ ಊರಿದೆ. ಆ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬನು ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಬ್ರೌಸರಿನಲ್ಲಿ ನಡೆಯುವ ಒಂದು ಚಿಕ್ಕ ತಂತ್ರಾಂಶವನ್ನು ರಚಿಸಿದ್ದನು. ತೆರೆಯ ಮೇಲೆ ಅಡಿಕೆಯ ತೋಟ, ಮರಗಳಲ್ಲಿ ಕೊನೆಗಳು, ಪ್ರತಿಯೊಂದು ಕೊನೆಗೂ ಒಂದೊಂದು ಪದದ ಹೆಸರು. ಕೇಳಿದ ಪದದ ಕೊನೆಯನ್ನು ಮಗುವು ಕೊಯ್ಯಬೇಕು. ಸಾಮಾನ್ಯವಾದ ಬಾಣದ ಗುರುತನ್ನು ಬಿಟ್ಟು, ಕೊಯ್ಲಿಗೆ ಬಳಸುವ ದೋಟಿಯ ಚಿತ್ರವನ್ನೇ ಆತನು ಕರ್ಸರಾಗಿ ಮಾಡಿದ್ದನು. ಉದ್ದವಾದ ಗಳು, ತುದಿಯಲ್ಲಿ ಬಾಗಿದ ಕತ್ತಿ.

ಮೊದಲ ನೋಟದಲ್ಲಿಯೇ ನಾನು ಇದನ್ನು ಮೆಚ್ಚಿದೆನು. ಬಾಣವು ಮಾರ್ಗ, ದೋಟಿಯು ದೇಸಿ. ಮಾರ್ಗವನ್ನು ಬಿಟ್ಟು ದೇಸಿಯಲ್ಲಿ ಪುಗುವ ಧೈರ್ಯ ತೋರಿದ್ದಾನೆ ಎಂದು ಅಂಕಪತ್ರದ ಅಂಚಿನಲ್ಲಿ ಬರೆದೂ ಬಿಟ್ಟೆನು. ಆ ಮೆಚ್ಚುಗೆ ಅಪಕ್ವವಾಗಿತ್ತೆಂಬುದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

೨

ಕೆಲವು ದಿನಗಳ ತರುವಾಯ ಆ ತಂತ್ರಾಂಶವನ್ನು ಮಕ್ಕಳ ಮುಂದಿಟ್ಟಾಗ, ಸರಿಯಾದ ಕೊನೆಗೆ ಕತ್ತಿಯನ್ನು ಹಚ್ಚಿ ಮೌಸನ್ನು ಒತ್ತಿದರೂ ಕೊನೆಯು ಬೀಳಲಿಲ್ಲ. ಮಕ್ಕಳು ತಂತ್ರಾಂಶವನ್ನು ದೂರಲಿಲ್ಲ. ತಮ್ಮ ಉತ್ತರವೇ ತಪ್ಪೆಂದು ಬಗೆದು ಬೇರೆ ಬೇರೆ ಪದಗಳನ್ನು ಒತ್ತತೊಡಗಿದರು. ಪದ ತಿಳಿದಿದ್ದ ಮಗುವೂ ತಿಳಿಯದವರ ಸಾಲಿಗೆ ಸೇರಿತು.

ಇದರ ಕಾರಣವನ್ನು ತಿಳಿಯಬೇಕಾದರೆ ಕರ್ಸರಿನ ಅಂಗರಚನೆಯನ್ನು ಅರಿಯಬೇಕು. ಕರ್ಸರಿನ ಚಿತ್ರವು ಎಷ್ಟೇ ದೊಡ್ಡದಾಗಿರಲಿ, ಗಣಕವು ಲೆಕ್ಕಕ್ಕೆ ಹಿಡಿಯುವುದು ಅದರಲ್ಲಿ ಒಂದೇ ಒಂದು ಬಿಂದುವನ್ನು. ಇದಕ್ಕೆ ಹಾಟ್‌ಸ್ಪಾಟ್ ಎಂದು ಹೆಸರು. ಸ್ಪರ್ಶಬಿಂದು ಎಂದು ಕರೆಯೋಣ. ಚಿತ್ರವು ಕಣ್ಣಿಗೆ, ಸ್ಪರ್ಶಬಿಂದುವು ಯಂತ್ರಕ್ಕೆ. ಚಿತ್ರದ ಎಡಮೇಲ್ತುದಿಯನ್ನು ಸೊನ್ನೆಯೆಂದಿಟ್ಟುಕೊಂಡು, ಬಲಕ್ಕೆ ಇಷ್ಟು, ಕೆಳಕ್ಕೆ ಇಷ್ಟು ಎಂದು ಎರಡು ಸಂಖ್ಯೆಗಳಿಂದ ಅದನ್ನು ನಿರ್ದೇಶಿಸಬೇಕು. ಬ್ರೌಸರಿನ ಶೈಲಿಸೂತ್ರದಲ್ಲಿ ಚಿತ್ರದ ವಿಳಾಸ, ಈ ಎರಡು ಸಂಖ್ಯೆಗಳು, ಚಿತ್ರವು ದೊರೆಯದಿದ್ದಲ್ಲಿ ಬಳಸಬೇಕಾದ ಸಾಮಾನ್ಯ ಕರ್ಸರಿನ ಹೆಸರು, ಇವು ಕ್ರಮವಾಗಿ ಬರುತ್ತವೆ. ಕಡೆಯ ಹೆಸರನ್ನು ಬಿಟ್ಟರೆ ಸೂತ್ರವೇ ಅಸಿಂಧುವಾಗುತ್ತದೆ. ಸಂಖ್ಯೆಗಳನ್ನು ಬಿಟ್ಟರೆ ಯಂತ್ರವು ಆಕ್ಷೇಪಿಸುವುದಿಲ್ಲ. ಚಿತ್ರದ ಕಡತದೊಳಗೇ ಬಿಂದುವು ನಿರ್ದಿಷ್ಟವಾಗಿರದ ಪಕ್ಷದಲ್ಲಿ, ಎಡಮೇಲ್ತುದಿಯನ್ನೇ ಸ್ಪರ್ಶಬಿಂದುವೆಂದು ಮೌನವಾಗಿ ಸ್ವೀಕರಿಸುತ್ತದೆ.

ನಮ್ಮ ವಿದ್ಯಾರ್ಥಿಯು ಸಂಖ್ಯೆಗಳನ್ನು ಬಿಟ್ಟಿದ್ದನು. ಅವನ ಚಿತ್ರವು 32 ಪಿಕ್ಸೆಲ್ ಅಗಲ, 32 ಪಿಕ್ಸೆಲ್ ಎತ್ತರ. ಕತ್ತಿಯ ಒಳಬಾಗು, ಎಂದರೆ ಕೊನೆಗೆ ತಾಗಬೇಕಾದ ಬಾಯಿ, ಎಡದಿಂದ 6, ಮೇಲಿನಿಂದ 9ರ ಸ್ಥಾನದಲ್ಲಿತ್ತು. ಸ್ಪರ್ಶಬಿಂದುವಾದರೋ ಬರಿದಾದ ಮೂಲೆಯಲ್ಲಿ. ಕೊನೆಯ ಚಿತ್ರವು 24 ಅಗಲ, 16 ಎತ್ತರವಿದ್ದುದರಿಂದ, ಮಗುವು ಅದರ ನಟ್ಟನಡುವೆ ಕತ್ತಿಯನ್ನಿಟ್ಟರೂ ಯಂತ್ರವು 9 ಪಿಕ್ಸೆಲ್ ಮೇಲಕ್ಕೆ ನೋಡುತ್ತಿತ್ತು. ನಡುವಿನಿಂದ ಮೇಲಂಚಿಗೆ ಇದ್ದ ದೂರ 8 ಮಾತ್ರ. ಗುರಿಯಿಟ್ಟವನು ತಪ್ಪುತ್ತಿದ್ದನು, ಗುರಿತಪ್ಪಿ ಕೆಳಗೆ ಇಟ್ಟವನಿಗೆ ಕೊನೆಯು ದೊರೆಯುತ್ತಿತ್ತು.

ಶಾಖಾಚಂದ್ರನ್ಯಾಯವೆಂಬುದು ನಮ್ಮ ಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿದೆ. ಚಂದ್ರನನ್ನು ತೋರಿಸುವವನು, ಅಗೋ ಆ ಕೊಂಬೆಯ ತುದಿಯಲ್ಲಿ ನೋಡು ಎನ್ನುತ್ತಾನೆ. ಕೊಂಬೆಗೂ ಚಂದ್ರನಿಗೂ ವಾಸ್ತವ ಸಂಬಂಧವಿಲ್ಲ. ಆದರೆ ನೋಡುವವನ ದೃಷ್ಟಿಯು ಆ ಕೊಂಬೆಯನ್ನು ಸವರಿಕೊಂಡು ಹೋದರೆ ಚಂದ್ರನನ್ನು ಮುಟ್ಟಲೇಬೇಕು. ದೋಟಿಯ ಚಿತ್ರಕ್ಕೂ ಅದರ ಸ್ಪರ್ಶಬಿಂದುವಿಗೂ ಇರಬೇಕಾದ ಸಂಬಂಧ ಇದೇ. ಚಿತ್ರವು ಸುಂದರವಾದ ಕೊಂಬೆಯನ್ನು ತೋರಿಸಿತು, ಚಂದ್ರನು ಬೇರೆಡೆ ಇದ್ದನು.

೩

ನಾವು ಹಳತೆಂದು ಬದಿಗಿಡುವ ಬಾಣವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಅದರ ಗುಣವು ತಿಳಿಯುತ್ತದೆ. 1968ರ ಡಿಸೆಂಬರ್ 9ರಂದು ಸಾನ್‌ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬರ್ಟರು ಮೌಸಿನ ಉಪಯೋಗವನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಅವರ ಬಾಣವು ನೇರವಾಗಿ ಮೇಲಕ್ಕೆ ನಿಂತಿತ್ತು. 1973ರಲ್ಲಿ ಸಿದ್ಧವಾದ ಜೆರಾಕ್ಸ್ ಸಂಸ್ಥೆಯ ಆಲ್ಟೋ ಗಣಕದಲ್ಲಿ ಕರ್ಸರಿಗೆ ದೊರೆತ ಜಾಗ 16ಕ್ಕೆ 16 ಬಿಂದುಗಳು ಮಾತ್ರ. ಅಷ್ಟು ಒರಟಾದ ಜಾಲದಲ್ಲಿ ನೆಟ್ಟಗಿನ ಗೆರೆ ಮತ್ತು 45 ಅಂಶದ ಓರೆಗೆರೆ ಇವೆರಡು ಮಾತ್ರ ಸ್ಫುಟವಾಗಿ ಮೂಡುತ್ತವೆ. ಬಾಣವು ಎಡಕ್ಕೆ ವಾಲಿದುದಕ್ಕೆ ಇದೇ ಕಾರಣವೆಂದು ವಿವರಿಸುವುದುಂಟು. ಹೀಗೆ ವಾಲಿದ ಬಾಣದ ಮೊನೆಯು ಚಿತ್ರದ ಎಡಮೇಲ್ತುದಿಗೇ ಬಂದು ನಿಲ್ಲುತ್ತದೆ. ಯಂತ್ರವು ಸೊನ್ನೆಯೆಂದು ಎಣಿಸುವ ಸ್ಥಾನ, ಕಣ್ಣು ಮೊನೆಯೆಂದು ಎಣಿಸುವ ಸ್ಥಾನ, ಇವೆರಡೂ ಅಲ್ಲಿ ಒಂದಾಗಿವೆ. ಪೂರ್ವಸೂರಿಗಳ ಮಾರ್ಗವು ಬಹುಕಾಲ ನಿಲ್ಲುವುದು ಅದರಲ್ಲಿ ಇಂಥ ಗುಪ್ತವಾದ ಯುಕ್ತಿಯಿರುವಾಗ.

ಎರಡನೆಯ ಗುಣವೂ ಒಂದಿದೆ. 1984ರ ಮ್ಯಾಕಿಂಟಾಷ್ ಗಣಕದಲ್ಲಿ ಒಂದು ಕರ್ಸರ್ ಎಂದರೆ 68 ಬೈಟುಗಳು: ಚಿತ್ರಕ್ಕೆ 32, ಅದರ ಹಿಂದಿನ ಮುಸುಕಿಗೆ 32, ಸ್ಪರ್ಶಬಿಂದುವಿಗೆ 4. ಚಿತ್ರಕ್ಕೆ ಸಂದಷ್ಟೇ ಸ್ಥಳವನ್ನು ಮುಸುಕಿಗೂ ಕೊಟ್ಟಿರುವುದು ಗಮನಾರ್ಹ. ಯಾವ ಬಿಂದುವು ಕಪ್ಪು, ಯಾವುದು ಬಿಳಿ, ಯಾವುದು ಪಾರದರ್ಶಕ ಎಂಬುದು ಚಿತ್ರ ಮತ್ತು ಮುಸುಕು ಎರಡೂ ಕೂಡಿ ನಿರ್ಧಾರವಾಗುತ್ತಿತ್ತು. ಕಪ್ಪು ಬಾಣಕ್ಕೆ ಬಿಳಿಯ ಅಂಚು ಬಂದುದರಿಂದ ಅದು ಬಿಳಿಯ ಹಾಳೆಯ ಮೇಲೂ ಕಪ್ಪು ಹಾಳೆಯ ಮೇಲೂ ಸಮನಾಗಿ ಕಾಣುವಂತಾಯಿತು. ನಮ್ಮ ವಿದ್ಯಾರ್ಥಿಯ ದೋಟಿಯು ಹಸಿರುಗಂದು ಬಣ್ಣದ್ದು, ತೋಟವೂ ಹಸಿರು, ಅಂಚಿನ ಗೆರೆಯಿಲ್ಲ. ಕಣ್ಣು ಮಂಜಾದವರಿಗೆ ಆ ಕರ್ಸರು ಮರಗಳ ನಡುವೆ ಕಳೆದುಹೋಗುತ್ತಿತ್ತು.

ಮೂರನೆಯ ದೋಷವು ಔಚಿತ್ಯಕ್ಕೆ ಸೇರಿದ್ದು. ಕರ್ಸರಿನ ರೂಪಾಂತರವೇ ಒಂದು ಭಾಷೆ. ಕೊಂಡಿಯ ಮೇಲೆ ಅದು ಕೈಯಾಗುತ್ತದೆ, ಅಕ್ಷರಗಳ ಮೇಲೆ ನಿಲುಗೆರೆಯಾಗುತ್ತದೆ, ಯಂತ್ರವು ಕೆಲಸದಲ್ಲಿರುವಾಗ ಗಡಿಯಾರವೋ ಸುತ್ತುವ ಬಳೆಯೋ ಆಗುತ್ತದೆ. ನಮ್ಮ ವಿದ್ಯಾರ್ಥಿಯು ತೋಟದಲ್ಲಿಯೂ, ಸೂಚನೆಗಳ ಪುಟದಲ್ಲಿಯೂ, ಹೆಸರು ಬರೆಯುವ ಕಟ್ಟಿನಲ್ಲಿಯೂ ದೋಟಿಯನ್ನೇ ಉಳಿಸಿದ್ದನು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು, ಕೊರಳಿಗೆ ಡಾಬನ್ನೂ ಸೊಂಟಕ್ಕೆ ಹಾರವನ್ನೂ ತೊಟ್ಟವರು ನಗೆಗೀಡಾಗುತ್ತಾರೆಂದು ಹೇಳಿದುದರ ಆಶಯ ಇದೇ. ಕೊಯ್ಲಿನ ಸ್ಥಳದಲ್ಲಿ ದೋಟಿಯು ಭೂಷಣ, ಬರವಣಿಗೆಯ ಸ್ಥಳದಲ್ಲಿ ಅದೇ ವಿಘ್ನ.

೪

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ. ಹಾಗಾದರೆ ಎಲ್ಲರೂ ಬಾಣವನ್ನೇ ಬಳಸಿ ಸುಮ್ಮನಿರುವುದು ಲೇಸಲ್ಲವೆ? ಹಾಗೆ ಹೇಳಲಾಗದು. ಮಾರ್ಗದಲ್ಲಿಯೂ ನಮ್ಮ ಪಾಲಿಗೆ ಹೊಂದದ ಸ್ಥಳಗಳಿವೆ. ಒಂದು ಉದಾಹರಣೆಯನ್ನು ಕೊಡಬಹುದು. ಆ ವಿದ್ಯಾರ್ಥಿಯ ಪದಪಟ್ಟಿಯಲ್ಲಿ ‘ಸ್ತ್ರೀ’ ಎಂಬ ಪದವಿತ್ತು. ಬರೆಯುವ ಕೈಗೂ ಓದುವ ಕಣ್ಣಿಗೂ ಇದು ಒಂದೇ ಅಕ್ಷರ. ಯೂನಿಕೋಡಿನಲ್ಲಿ ಇದು ಆರು ಸಂಕೇತಗಳ ಸಾಲು: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ. ನಿಲುಗೆರೆಯು ಎಲ್ಲೆಲ್ಲಿ ನಿಲ್ಲಬೇಕೆಂಬುದಕ್ಕೆ ಆಧಾರವಾಗುವ ಯೂನಿಕೋಡಿನ ಸಾಮಾನ್ಯ ನಿಯಮವು ಬಹುಕಾಲ ಇದನ್ನು ಮೂರು ತುಂಡುಗಳೆಂದು ಎಣಿಸುತ್ತಿತ್ತು. 2023ರ 15.1ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯದಂತೆ ಹೊಸ ನಿಯಮವೊಂದು ಬಂದಿತು. ಅದರ ವ್ಯಾಪ್ತಿಗೆ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲೆಯಾಳ ಲಿಪಿಗಳು ಸೇರಿದವು. ಆ ಆವೃತ್ತಿಯಲ್ಲಿ ಕನ್ನಡವು ಸೇರಲಿಲ್ಲ. ಒತ್ತಕ್ಷರವನ್ನು ಕೆಳಗೆ ಬರೆಯುವುದರಲ್ಲಿ ತೆಲುಗಿಗೂ ನಮಗೂ ಇರುವ ಸಾಮ್ಯವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರುತ್ತದೆ. ಆಯಾ ತಂತ್ರಾಂಶಗಳು ತಮ್ಮದೇ ನಿಯಮವನ್ನು ಅಳವಡಿಸಿಕೊಳ್ಳಲು ಅಡ್ಡಿಯಿಲ್ಲವಾದರೂ, ಅಕ್ಷರವೆಂದರೇನು ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯು ಕನ್ನಡ ಬಲ್ಲವರ ಮೇಲಿದೆ. ದೇಸಿಯ ಆವಶ್ಯಕತೆ ನಿಜವಾಗಿ ಇರುವುದು ಇಂಥಲ್ಲಿ. ಇಲ್ಲಿ ಚಿತ್ರದ ಬೆಡಗಿಲ್ಲದ ಕಾರಣ ನಮ್ಮ ಉತ್ಸಾಹವು ಇತ್ತ ಹರಿಯುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಪ್ರಸ್ತುತ. ಕರ್ಸರಿನ ಚಿತ್ರವು ಅದರ ಸ್ಪರ್ಶಬಿಂದುವಿನಿಂದ ದೂರವಾಗಬಲ್ಲದೆಂಬುದನ್ನು ವಂಚಕರೂ ಬಲ್ಲರು. ಚಿತ್ರದಲ್ಲಿ ಬಾಣವನ್ನು ಒಂದು ಕಡೆ ತೋರಿಸಿ, ಒತ್ತು ಬೇರೆ ಕಡೆ ಬೀಳುವಂತೆ ಮಾಡುವುದು ಸಾಧ್ಯ. ಈ ಕಾರಣದಿಂದ ಪ್ರಮುಖ ಬ್ರೌಸರುಗಳು 128 ಪಿಕ್ಸೆಲ್ಲಿಗಿಂತ ದೊಡ್ಡ ಚಿತ್ರಗಳನ್ನು ಒಪ್ಪುವುದಿಲ್ಲ. 32ಕ್ಕೆ ಮೀರಿದ ಚಿತ್ರವು ಬ್ರೌಸರಿನ ಸ್ವಂತ ಪಟ್ಟಿಗಳ ಮೇಲೆ ಚಾಚಿಕೊಂಡರೆ ಅದನ್ನು ತೆಗೆದು ಸಾಮಾನ್ಯ ಬಾಣವನ್ನು ಇಡುವ ಕ್ರಮವೂ ಬಂದಿದೆ. ನಮ್ಮ ವಿದ್ಯಾರ್ಥಿಯ ಅಜಾಗರೂಕತೆಯೂ ವಂಚಕನ ಜಾಣ್ಮೆಯೂ ಉದ್ದೇಶದಲ್ಲಿ ಬೇರೆ. ಒತ್ತಿದ ಕೈಗೆ ಒದಗುವ ಫಲ ಮಾತ್ರ ಒಂದೇ.

೫

ತಿದ್ದುಪಡಿ ಸುಲಭವಾಗಿತ್ತು. ಸೂತ್ರದಲ್ಲಿ 6 ಮತ್ತು 9 ಎಂಬ ಎರಡು ಸಂಖ್ಯೆಗಳು ಸೇರಿದವು. ಕತ್ತಿಗೆ ಒಂದು ಪಿಕ್ಸೆಲ್ಲಿನ ಬಿಳಿಯ ಅಂಚು ಬಂದಿತು. ತೋಟದ ಹೊರಗೆ ಬಾಣವೂ ನಿಲುಗೆರೆಯೂ ಮರಳಿ ಬಂದುವು. ಕೊನೆಗಳು ಬೀಳತೊಡಗಿದುವು. ದೋಟಿಯು ಉಳಿಯಿತು, ಉಳಿಯತಕ್ಕದ್ದೂ ಹೌದು. ಶಿರಸಿ ಸೀಮೆಯ ತೋಟಗಳಿಗೆ ಈಗ ಕಾರ್ಬನ್ ಫೈಬರಿನ ಹಗುರವಾದ ದೋಟಿಗಳು ಬಂದಿವೆ. ಗಳುವು ಬದಲಾದರೂ ಕತ್ತಿಯ ಬಾಯಿ ಇರಬೇಕಾದ ಸ್ಥಳದಲ್ಲಿಯೇ ಇದೆ. ಅದು ಸರಿದರೆ ದೋಟಿಯನ್ನು ಯಾರೂ ಕೊಳ್ಳುವುದಿಲ್ಲ. ತೋಟದವರು ಹೊಸ ದೋಟಿಯನ್ನು ಮೆಚ್ಚುವ ಮೊದಲು ಒಂದು ಕೊನೆಯನ್ನು ಕೊಯ್ದು ನೋಡುತ್ತಾರೆ.

ನಾನು ಹಾಗೆ ಮಾಡಲಿಲ್ಲ. ಪ್ರಾದೇಶಿಕ ವಸ್ತುವೊಂದು ಕಂಡಕೂಡಲೆ ಪ್ರಾದೇಶಿಕ ಸತ್ತ್ವವೂ ದೊರೆಯಿತೆಂದು ಭ್ರಮಿಸಿದೆನು. ಕಥೆ ಕಾದಂಬರಿಗಳ ವಿಮರ್ಶೆಯಲ್ಲಿಯೂ ಈ ಭ್ರಮೆ ವಿರಳವಲ್ಲ. ಊರಿನ ಹೆಸರು, ಆಡುಮಾತು, ಅಡಿಗೆ, ಹಬ್ಬ ಇವು ಕಂಡರೆ ಸಾಕು, ಅವು ಕೃತಿಯ ಅರ್ಥವನ್ನು ಮುಟ್ಟುತ್ತವೆಯೋ ಇಲ್ಲವೋ ಎಂದು ನಾವು ಪರೀಕ್ಷಿಸುವುದಿಲ್ಲ. ಎಂಥ ಚೆಲುವಾದ ಚಿತ್ರಕ್ಕೂ ಅದರ ಬಾಯಿ ಎಲ್ಲಿದೆ ಎಂದು ಕೇಳುವುದು ವಿಮರ್ಶಕನ ಮೊದಲ ಕರ್ತವ್ಯ. ಆ ಅಂಕಪತ್ರದ ಅಂಚಿನಲ್ಲಿದ್ದ ನನ್ನ ಟಿಪ್ಪಣಿಯನ್ನು ಹೊಡೆದುಹಾಕಿಲ್ಲ. ಅದರ ಕೆಳಗೆ ಎರಡು ಸಂಖ್ಯೆಗಳನ್ನು ಬರೆದಿದ್ದೇನೆ.