ರಾಳ ತೆಳುವಾಯಿತು, ಬಲ ಎಲ್ಲಿ ಹೋಯಿತು?

ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ಪರೀಕ್ಷಕನಾಗಿ ಓದುವಾಗ ಒಂದು ವಾಕ್ಯ ನನಗೆ ಮತ್ತೆ ಮತ್ತೆ ಎದುರಾಗುತ್ತದೆ: ‘ರಾಳವು ಸುಲಭವಾಗಿ ಹರಿಯಲೆಂದು ಸ್ವಲ್ಪ ಅಸಿಟೋನ್ ಸೇರಿಸಲಾಯಿತು.’ ಸ್ವಲ್ಪ ಎಂದರೆ ಎಷ್ಟು? ಆಗ ಕೊಠಡಿಯ ಉಷ್ಣತೆ ಎಷ್ಟಿತ್ತು? ಅಚ್ಚಿಗೆ ಸುರಿಯುವ ಮುನ್ನ ಆ ಅಸಿಟೋನನ್ನು ಹೊರಹಾಕಲಾಯಿತೆ? ವರದಿ ಏನನ್ನೂ ಹೇಳುವುದಿಲ್ಲ. ಆದರೆ ಮುಂದಿನ ಪುಟದಲ್ಲಿ, ಸೆಣಬು ಅಥವಾ ತೆಂಗಿನ ನಾರು ಸೇರಿಸಿ ಮಾಡಿದ ಕಾಂಪೊಸಿಟ್ ಹಲಗೆಯ ಬಲವನ್ನು ದಶಮಾಂಶದ ಎರಡನೆಯ ಸ್ಥಾನದವರೆಗೆ ಕೊಟ್ಟಿರುತ್ತಾರೆ. ಬಲ ಕಡಿಮೆ ಬಂದರೆ ದೂರು ನಾರಿನ ಮೇಲೆ. ನನ್ನ ಆಕ್ಷೇಪವಿರುವುದು ಆ ‘ಸ್ವಲ್ಪ’ ಎಂಬ ಪದದ ಬಗ್ಗೆ. ಅದು ಎಷ್ಟು ದೊಡ್ಡದು ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ಐದು ಗ್ರಾಂನ ಲೆಕ್ಕ

ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಎಲ್‌ವೈ 556 ರಾಳ ಮತ್ತು ಎಚ್‌ವೈ 951 ಹಾರ್ಡನರ್. ಇವನ್ನು ತೂಕದಲ್ಲಿ 10:1 ಪ್ರಮಾಣದಲ್ಲಿ ಬೆರೆಸುತ್ತಾರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ರಾಳದ ಸ್ನಿಗ್ಧತೆ 10,000ದಿಂದ 12,000 ಮಿಲಿಪಾಸ್ಕಲ್-ಸೆಕೆಂಡ್. ನೀರಿನ ಸ್ನಿಗ್ಧತೆ ಸುಮಾರು 1, ಹರಳೆಣ್ಣೆಯದು 20 ಡಿಗ್ರಿಯಲ್ಲಿ ಸುಮಾರು 1,000. ಹರಳೆಣ್ಣೆಗಿಂತ ಹತ್ತು ಪಟ್ಟು ಮಂದವಾದ ದ್ರವವನ್ನು ನಾರಿನ ಎಳೆಗಳ ನಡುವೆ ಇಳಿಸಬೇಕಾದ ವಿದ್ಯಾರ್ಥಿ ಅಸಿಟೋನ್ ಬಾಟಲಿಯತ್ತ ಕೈ ಚಾಚುವುದು ಸಹಜವೇ.

100 ಗ್ರಾಂ ರಾಳಕ್ಕೆ 5 ಗ್ರಾಂ ಅಸಿಟೋನ್ ಬೆರೆಸಿದ್ದೇವೆ ಎನ್ನೋಣ. ತೂಕದಲ್ಲಿ ಇದು ನಿಜಕ್ಕೂ ಸ್ವಲ್ಪವೇ. ಈಗ ಅಣುಗಳನ್ನು ಎಣಿಸಿ. ರಾಳದ ಸರಾಸರಿ ಅಣುತೂಕ ಸುಮಾರು 375. 100 ಗ್ರಾಂನಲ್ಲಿ 0.27 ಮೋಲ್. ಅಸಿಟೋನಿನ ಅಣುತೂಕ 58. 5 ಗ್ರಾಂನಲ್ಲಿ 0.086 ಮೋಲ್. ಅಂದರೆ ರಾಳದ ಪ್ರತಿ ಮೂರು ಅಣುಗಳಿಗೆ ಅಸಿಟೋನಿನ ಒಂದು ಅಣು! ನೂರಕ್ಕೆ ಐದು ಎಂದುಕೊಂಡದ್ದು ಮೂರಕ್ಕೆ ಒಂದಾಯಿತು.

ಸ್ನಿಗ್ಧತೆ ಇಳಿಯುವ ಬಗೆಯೂ ನಾವು ಊಹಿಸಿದಂತಿಲ್ಲ. ಸಾಮಾನ್ಯ ಸರಾಸರಿ ತೆಗೆದರೆ ಅದು ಶೇಕಡಾ 5–7ರಷ್ಟು ಇಳಿಯಬೇಕು. ಆದರೆ ಇಂತಹ ಮಿಶ್ರಣಗಳಲ್ಲಿ ಸರಾಸರಿ ತೆಗೆಯಬೇಕಾದದ್ದು ಸ್ನಿಗ್ಧತೆಗಳದ್ದಲ್ಲ, ಅವುಗಳ ಲಘುಗಣಕಗಳದ್ದು. ಗಾತ್ರದ ಪಾಲನ್ನು ಹಿಡಿದು ಹಾಗೆ ಲೆಕ್ಕ ಹಾಕಿದರೆ 12,000 ಇದ್ದದ್ದು ಸುಮಾರು 6,000ಕ್ಕೆ ಇಳಿಯುತ್ತದೆ. ಇದು ಒರಟು ಸೂತ್ರ. ಆದರೂ ದಿಕ್ಕು ಸರಿಯಾಗಿದೆ. ದೋಣಿ ಕಟ್ಟುವವರಿಗೆ ಎಪಾಕ್ಸಿ ತಯಾರಿಸುವ ಅಮೆರಿಕದ ವೆಸ್ಟ್ ಸಿಸ್ಟಮ್ ಸಂಸ್ಥೆ ತನ್ನ ಗ್ರಾಹಕರಿಗೆ ಕೊಟ್ಟಿರುವ ಅಂಕಿಗಳಂತೆ, ಶೇಕಡಾ 5ರಷ್ಟು ಲ್ಯಾಕರ್ ತಿನ್ನರ್ ಸೇರಿಸಿದರೆ ಸ್ನಿಗ್ಧತೆ ಸುಮಾರು ಶೇಕಡಾ 60ರಷ್ಟು ಇಳಿಯುತ್ತದೆ. ಜೊತೆಗೆ, ಗಟ್ಟಿಯಾದ ರಾಳದ ಸಂಪೀಡನ ಬಲ ಶೇಕಡಾ 35ರಷ್ಟು ಇಳಿಯುತ್ತದೆ. ನಮ್ಮ ವರದಿಗಳು ಮೊದಲ ಅಂಕಿಯ ಲಾಭ ಪಡೆದು ಎರಡನೆಯದನ್ನು ಮರೆಯುತ್ತವೆ.

ಒಳಗೆ ಉಳಿದದ್ದು

ಬಲ ಏಕೆ ಕುಗ್ಗುತ್ತದೆ? ಎಪಾಕ್ಸಿ ಒಣಗಿ ಗಟ್ಟಿಯಾಗುವ ಬಣ್ಣವಲ್ಲ. ಅದು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಎಚ್‌ವೈ 951 ಎಂಬುದು ಟ್ರೈಎಥಿಲೀನ್ ಟೆಟ್ರಮೀನ್; ಅದರ ಒಂದೊಂದು ಅಣುವಿಗೂ ಆರು ಕೈಗಳು. ರಾಳದ ಅಣುವಿಗೆ ಎರಡು ಕೈಗಳು. ಇವು ಪರಸ್ಪರ ಹಿಡಿದುಕೊಂಡು ಮೂರು ಆಯಾಮದ ಬಲೆಯಾಗುತ್ತವೆ. ಅಸಿಟೋನಿಗೆ ಈ ಬಲೆಯಲ್ಲಿ ಸ್ಥಾನವಿಲ್ಲ. ಅದರ ಕುದಿಬಿಂದು 56 ಡಿಗ್ರಿ. ತೆಳುವಾದ ಲೇಪನದಲ್ಲಿ ಅದು ಹಾರಿಹೋಗಬಹುದು. ದಪ್ಪ ಹಲಗೆಯಲ್ಲಾದರೆ ಹೊರಬರುವ ದಾರಿ ಮುಚ್ಚುವ ಮುನ್ನ ಒಂದಷ್ಟು ಒಳಗೇ ಉಳಿಯುತ್ತದೆ. ಕ್ರಿಯೆಯ ಶಾಖ ಹೆಚ್ಚಿದರೆ ಗುಳ್ಳೆಯಾಗುತ್ತದೆ. ನಿಧಾನವಾಗಿ ಹೊರಬಂದರೆ ವಸ್ತು ಕುಗ್ಗುತ್ತದೆ. ಸಾಲದ್ದಕ್ಕೆ ಅಸಿಟೋನ್ ಒಂದು ಕೀಟೋನ್. ಅದು ಅಮೀನ್ ಹಾರ್ಡನರಿನ ಕೆಲವು ಕೈಗಳನ್ನು ತಾನೇ ಹಿಡಿದುಕೊಳ್ಳಬಲ್ಲದು. ಆಗ ಎಚ್ಚರದಿಂದ ತೂಗಿದ 10:1 ಪ್ರಮಾಣಕ್ಕೆ ಅರ್ಥವೇ ಉಳಿಯುವುದಿಲ್ಲ.

ಹಾಗಾದರೆ ಬಲೆಯೊಳಗೆ ಸೇರಿಕೊಳ್ಳುವ ತೆಳುಕಾರಿಯನ್ನೇ ಬಳಸಬಹುದಲ್ಲ ಎಂದು ನೀವು ಕೇಳಬಹುದು. ಅಂತಹವು ಇವೆ; ಗ್ಲೈಸಿಡೈಲ್ ಈಥರ್‌ಗಳು ಎಂದು ಅವಕ್ಕೆ ಹೆಸರು. ಬ್ಯುಟೈಲ್ ಗ್ಲೈಸಿಡೈಲ್ ಈಥರ್ ಸೇರಿಸಿದ ರಾಳಗಳ ಸ್ನಿಗ್ಧತೆ 500–700ಕ್ಕೆ ಇಳಿದಿರುತ್ತದೆ. ಆದರೆ ಇದಕ್ಕೆ ಒಂದೇ ಕೈ. ಹಾರ್ಡನರಿನ ಒಂದು ಕೈಯನ್ನು ಅದು ಹಿಡಿದರೆ ಬಲೆ ಅಲ್ಲಿಗೆ ಮುಗಿಯಿತು. ಬಲೆಯ ಗಂಟುಗಳು ವಿರಳವಾದಂತೆ ವಸ್ತು ಮೆತುವಾಗುವ ಉಷ್ಣತೆಯೂ ಕೆಳಗಿಳಿಯುತ್ತದೆ. ಬ್ಯುಟೇನ್‌ಡಯೋಲ್ ಡೈಗ್ಲೈಸಿಡೈಲ್ ಈಥರ್‌ನಂತಹ ಎರಡು ಕೈಗಳ ತೆಳುಕಾರಿಗಳಲ್ಲಿ ಈ ನಷ್ಟ ಕಡಿಮೆ. ಯಾವುದನ್ನೇ ಬಳಸಿದರೂ ಹಾರ್ಡನರಿನ ಪ್ರಮಾಣವನ್ನು ಮತ್ತೆ ಲೆಕ್ಕ ಹಾಕಲೇಬೇಕು.

ಇನ್ನೊಂದು ಮಾತನ್ನು ಶಿಕ್ಷಕರು ಕಡೆಗಣಿಸುವಂತಿಲ್ಲ. ಈ ಸಣ್ಣ ಅಣುಗಳು ಚರ್ಮಕ್ಕೆ ಅಲರ್ಜಿ ತರುತ್ತವೆ. ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಬದುಕಿನುದ್ದಕ್ಕೂ ಉಳಿಯುತ್ತದೆ. ಫೀನೈಲ್ ಗ್ಲೈಸಿಡೈಲ್ ಈಥರ್ ಅನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಅಂಟಿದ ರಾಳವನ್ನು ಅಸಿಟೋನಿನಿಂದ ಕೈ ತೊಳೆದು ತೆಗೆಯುವ ಅಭ್ಯಾಸವೂ ನಿಲ್ಲಬೇಕು. ಅದು ಚರ್ಮದ ಜಿಡ್ಡನ್ನು ಕರಗಿಸಿ ರಾಳ ಒಳಗಿಳಿಯಲು ದಾರಿ ಮಾಡಿಕೊಡುತ್ತದೆ.

ನಿಜವಾದ ಲಾಭ ಎಷ್ಟು?

ಭೌತವಿಜ್ಞಾನಿಯಾಗಿ ನಾನು ಕೇಳಬೇಕಾದ ಪ್ರಶ್ನೆ ಇದು. ಕಿರಿದಾದ ರಂಧ್ರದೊಳಗೆ ದ್ರವ ಇಳಿಯುವ ಆಳವನ್ನು ಎಡ್ವರ್ಡ್ ವಾಶ್‌ಬರ್ನ್ 1921ರಲ್ಲಿ ಸೂತ್ರವಾಗಿಸಿದ. ಆಳವು ಕಾಲದ ವರ್ಗಮೂಲಕ್ಕೆ ಅನುಲೋಮವಾಗಿಯೂ ಸ್ನಿಗ್ಧತೆಯ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. ಸ್ನಿಗ್ಧತೆ ಶೇಕಡಾ 60ರಷ್ಟು ಇಳಿದರೂ ಅಷ್ಟೇ ಕಾಲದಲ್ಲಿ ಆಳ ಹೆಚ್ಚುವುದು 1.6 ಪಟ್ಟು ಮಾತ್ರ. ಬಲದ ಮೂರನೆಯ ಒಂದು ಭಾಗ ತೆತ್ತು ನಾವು ಕೊಂಡದ್ದು ಇಷ್ಟು.

ಇದೇ ಕೆಲಸವನ್ನು ಶಾಖವೂ ಮಾಡಬಲ್ಲದು. 25ರಿಂದ 50 ಡಿಗ್ರಿಗೆ ಬಿಸಿಮಾಡಿದರೆ ರಾಳದ ಸ್ನಿಗ್ಧತೆ ಹತ್ತನೆಯ ಒಂದು ಭಾಗಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಆಳ ಮೂರು ಪಟ್ಟಿಗೂ ಹೆಚ್ಚಾಗಬೇಕು. ಆದರೆ ಪ್ರಾಮಾಣಿಕವಾಗಿ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಹತ್ತು ಡಿಗ್ರಿಗೊಮ್ಮೆ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ ಎಂಬ ಸಾಮಾನ್ಯ ನಿಯಮದಂತೆ, ನಮಗೆ ಸಿಗುವ ಕಾಲ ಆರನೆಯ ಒಂದು ಭಾಗದಷ್ಟಾಗುತ್ತದೆ. ರಾಳ ಗಟ್ಟಿಯಾಗುವ ಕೊನೆಯ ಗಳಿಗೆಯವರೆಗೂ ಇಳಿಯಬೇಕಾದ ಕಡೆ ಲಾಭ ಸುಮಾರು 1.3 ಪಟ್ಟಿಗೆ ಇಳಿದುಬಿಡುತ್ತದೆ. ನಾರಿನ ತೆಳು ಪದರಗಳು ಕೆಲವೇ ನಿಮಿಷಗಳಲ್ಲಿ ನೆನೆಯುವುದರಿಂದ ಅಲ್ಲಿ ಪೂರ್ತಿ ಲಾಭವೇ ಸಿಗುತ್ತದೆ. ಅಂತೂ ಯಾವ ಉಪಾಯವೂ ಪುಕ್ಕಟೆಯಲ್ಲ. ಶಾಖ ತನ್ನ ಬೆಲೆಯನ್ನು ಸಮಯದಲ್ಲಿ ಪಡೆಯುತ್ತದೆ, ಕೆಲಸ ಮುಗಿದ ಮೇಲೆ ಹೊರಟುಹೋಗುತ್ತದೆ. ದ್ರಾವಕ ತನ್ನ ಬೆಲೆಯನ್ನು ವಸ್ತುವಿನ ಒಳಗಿನಿಂದಲೇ ಪಡೆಯುತ್ತದೆ.

ತರಗತಿಯಲ್ಲಿ

ತೆಳುಕಾರಿಗಳನ್ನು ಬಳಸಲೇಬಾರದು ಎಂದು ನಾನು ಹೇಳುತ್ತಿಲ್ಲ. ತೆಳು ಲೇಪನಗಳಿಗೆ, ಕಾಂಕ್ರೀಟಿನ ಕೂದಲೆಳೆಯಂತಹ ಬಿರುಕುಗಳಿಗೆ, ಕಾರ್ಖಾನೆಯಲ್ಲೇ ಲೆಕ್ಕಹಾಕಿ ಬೆರೆಸಿದ ರಾಳಗಳು ಬೇಕೇಬೇಕು. ಪ್ರಯೋಗಾಲಯದಲ್ಲಿ ಮಾತ್ರ ಮೊದಲು ರಾಳವನ್ನಷ್ಟೇ, ಮುಚ್ಚಿದ ಪಾತ್ರೆಯಲ್ಲಿ, ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ. ಹಾರ್ಡನರನ್ನು ಸ್ವಲ್ಪ ಸ್ವಲ್ಪ ರಾಳಕ್ಕೆ ಮಾತ್ರ, ಅಗಲವಾದ ತಟ್ಟೆಯಲ್ಲಿ ಬೆರೆಸಿ. ಆಳವಾದ ಲೋಟದಲ್ಲಿ ಶಾಖ ಸಿಕ್ಕಿಬೀಳುತ್ತದೆ. ತೆಳುಕಾರಿ ಅನಿವಾರ್ಯವಾದರೆ ಅದರ ಹೆಸರು, ತೂಕ ಮತ್ತು ಆ ದಿನದ ಉಷ್ಣತೆಯನ್ನು ಬರೆದಿಡಿ. ತೆಳುಕಾರಿ ಸೇರಿಸದ ಒಂದು ಮಾದರಿಯನ್ನೂ ಪರೀಕ್ಷಿಸಿ. ಅದಿಲ್ಲದೆ ನಾರಿನ ಮೇಲೆ ತೀರ್ಪು ಕೊಡುವುದು ಅನ್ಯಾಯ.

ನಮ್ಮ ಪಾಠಕ್ರಮದ್ದೂ ಒಂದು ಲೋಪವಿದೆ. ಗ್ಲಿಸರಿನ್‌ನಲ್ಲಿ ಗುಂಡು ಬೀಳಿಸಿ ಸ್ನಿಗ್ಧತೆ ಅಳೆಯುವ ಸ್ಟೋಕ್ಸ್ ಪ್ರಯೋಗವನ್ನು ಶುದ್ಧ ದ್ರವಕ್ಕೆ ಮಾಡಿ ಮುಗಿಸುತ್ತೇವೆ. ಇನ್ನು ಮುಂದೆ ಅದಕ್ಕೆ ತೂಕದಲ್ಲಿ ಶೇಕಡಾ 5ರಷ್ಟು ನೀರು ಬೆರೆಸಿ ಮತ್ತೊಮ್ಮೆ ಅಳೆಯಲು ಹೇಳಿ. 20 ಡಿಗ್ರಿಯಲ್ಲಿ ಸುಮಾರು 1,410 ಇದ್ದ ಸ್ನಿಗ್ಧತೆ 520ರ ಆಸುಪಾಸಿಗೆ ಬೀಳುತ್ತದೆ. ಇಲ್ಲೂ ಶೇಕಡಾ 60ಕ್ಕಿಂತ ಹೆಚ್ಚಿನ ಕುಸಿತ! ಇದರಲ್ಲಿ ಅಲರ್ಜಿಯಿಲ್ಲ, ಹೊಗೆಯಿಲ್ಲ, ಹೆಚ್ಚಿನ ಖರ್ಚಿಲ್ಲ. ಗುಂಡು ಸರ್ರನೆ ಇಳಿಯುವುದನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿ, ಮುಂದೆ ವರದಿಯಲ್ಲಿ ‘ಸ್ವಲ್ಪ’ ಎಂದು ಬರೆಯುವ ಮೊದಲು ತಕ್ಕಡಿಯತ್ತ ನೋಡುತ್ತಾನೆ.