ಅರ್ಜಿ ಯಾರ ಲಾಗಿನ್‌ನಲ್ಲಿದೆ?

ಪಿಯುಸಿ ಫಲಿತಾಂಶ ಬಂದು ಸಿಇಟಿ ದಾಖಲೆ ಪರಿಶೀಲನೆ ಹತ್ತಿರವಾದಾಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡಿನ ನಾಡಕಚೇರಿಗಳ ಮುಂದೆ ನಿಂತವರು ‘ಸರ್ಟಿಫಿಕೇಟ್ ಯಾವಾಗ ಬರ್ತೈತಿ’ ಎಂದು ಕೇಳುವುದು ಕಡಿಮೆ. ‘ಅರ್ಜಿ ಈಗ ಯಾರ ಲಾಗಿನ್‌ನಾಗ ಐತ್ರಿ?’ ಎಂದು ಕೇಳುತ್ತಾರೆ. ಎಚ್‌ಕೆ (ಹೈದರಾಬಾದ್ ಕರ್ನಾಟಕ) ಸರ್ಟಿಫಿಕೇಟ್ ಎಂದು ಎಲ್ಲರೂ ಕರೆಯುವ 371ಜೆ ಅರ್ಹತಾ ಪ್ರಮಾಣಪತ್ರದ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಜನ ಅಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದಾರೆ.

ಹಕ್ಕು ಸಣ್ಣದಲ್ಲ. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ 371ಜೆ ವಿಧಿಯನ್ನು ಸೇರಿಸಿದ ಸಂವಿಧಾನದ 98ನೇ ತಿದ್ದುಪಡಿ ಬಂತು. 2013ರಲ್ಲಿ ಅದರ ಆದೇಶಗಳು ಹೊರಬಿದ್ದವು. ಜನ್ಮದಿಂದಲೋ ವಾಸದಿಂದಲೋ ಈಗ ಕಲ್ಯಾಣ ಕರ್ನಾಟಕ ಎನ್ನುವ ಈ ಭಾಗಕ್ಕೆ ಸೇರಿದವರಿಗೆ ಇಲ್ಲಿನ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು. ಸ್ಥಳೀಯ ಹುದ್ದೆಗಳಲ್ಲಿ ಎ, ಬಿ ವೃಂದಕ್ಕೆ ಶೇ. 75, ಸಿ ವೃಂದಕ್ಕೆ 80, ಡಿ ವೃಂದಕ್ಕೆ 85. ತೆಕ್ಕಲಕೋಟೆಯ ಹುಡುಗಿಯೊಬ್ಬಳು ವೈದ್ಯಕೀಯ ಸೀಟು ಹಿಡಿಯುವಳೋ ಬಿಡುವಳೋ ಎಂಬುದು ಈ ಅಂಕಿಗಳ ಮೇಲೆ ನಿಂತಿರಬಹುದು. ಇಷ್ಟು ದೊಡ್ಡ ಹಕ್ಕಿನ ಬಾಗಿಲಿಗೆ ನಾವು ಇಟ್ಟಿರುವ ಕೀಲಿ ಒಂದು ಸಹಿ. ಆ ಸಹಿ ಉಪವಿಭಾಗಾಧಿಕಾರಿಯದು, ಅಂದರೆ ಎ.ಸಿ.ಯವರದು; ಅವರ ಕಚೇರಿ ಇರುವುದು ಬಳ್ಳಾರಿಯಲ್ಲಿ.

ಅರ್ಜಿ ನಾಡಕಚೇರಿಯಲ್ಲಿ ಬೀಳುತ್ತದೆ. ಗ್ರಾಮ ಆಡಳಿತಾಧಿಕಾರಿ ನೋಡುತ್ತಾರೆ, ಕಂದಾಯ ನಿರೀಕ್ಷಕರು ನೋಡುತ್ತಾರೆ, ತಹಶೀಲ್ದಾರರು ನೋಡುತ್ತಾರೆ, ಕೊನೆಗೆ ಎ.ಸಿ. ಸಾಹೇಬರು. ಊರಿನ ಬಗ್ಗೆ ನಿಜವಾಗಿ ಏನಾದರೂ ಗೊತ್ತಿರುವುದು ಮೊದಲನೆಯವರಿಗೆ ಮಾತ್ರ. ಮಿಕ್ಕವರು ಬಹುಮಟ್ಟಿಗೆ ಆ ವರದಿಯನ್ನೇ ಓದಿ ಮುಂದಕ್ಕೆ ತಳ್ಳುತ್ತಾರೆ. ಆದರೂ ಒಂದೊಂದು ಮೇಜಿನ ಮೇಲೂ ದಿನಗಳು ಕಳೆಯುತ್ತವೆ: ಚುನಾವಣೆ ಕೆಲಸ, ಬೆಳೆ ಸಮೀಕ್ಷೆ, ಸರ್ವರ್ ಡೌನ್. ಕುರುಗೋಡನ್ನು ತಾಲ್ಲೂಕು ಮಾಡಿದಾಗ ದೊಡ್ಡಬಸವೇಶ್ವರನ ಊರಿಗೆ ತಹಶೀಲ್ದಾರರು ಬಂದರು, ನಿಜ. ಆದರೆ ಈ ಕಾಗದದ ಮಟ್ಟಿಗೆ ಕೊನೆಯ ಮೇಜು ಕದಲಲಿಲ್ಲ.

ಬಳ್ಳಾರಿಯ ತೊಡಕಿಗೆ ಅದರದ್ದೇ ಚರಿತ್ರೆಯೂ ಇದೆ. ಹೈದರಾಬಾದ್ ಕರ್ನಾಟಕಕ್ಕೆ ಸೇರಿಸಿದ್ದರೂ ಈ ಜಿಲ್ಲೆ ನಿಜಾಮರದ್ದಲ್ಲ, ಮದ್ರಾಸ್ ಪ್ರಾಂತ್ಯದ್ದು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಗಡಿ ಎಳೆದವರು ಬೀಗತನ ನೋಡಿ ಎಳೆಯಲಿಲ್ಲ. ಸಿರುಗುಪ್ಪದ ಮನೆಗಳಿಗೆ ಇವತ್ತಿಗೂ ಆದೋನಿಯಿಂದ ಸೊಸೆ ಬರುತ್ತಾಳೆ, ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ, ಮಗುವಿನ ಜನನ ಪ್ರಮಾಣಪತ್ರ ಆದೋನಿಯದ್ದಾಗುತ್ತದೆ. ಹದಿನೆಂಟು ವರ್ಷ ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆಯೇ ಬೆಳೆದ ಹುಡುಗ ಜನನದ ನೇರ ದಾರಿ ಬಿಟ್ಟು ವಾಸದ ಸುತ್ತುದಾರಿ ಹಿಡಿಯಬೇಕು. ನಮ್ಮಲ್ಲಿ ಬಾಣಂತನ ಎಲ್ಲಿ ನಡೆಯುತ್ತದೆ ಎಂಬುದು ಈ ನಿಯಮ ಬರೆದವರಿಗೆ ತಿಳಿಯದ ಸಂಗತಿಯೇನಲ್ಲ, ಬರೆಯುವಾಗ ನೆನಪಾಗಲಿಲ್ಲ ಅಷ್ಟೇ.

ವಾಸದ ದಾರಿಯೂ ಎಲ್ಲರಿಗೂ ಒಂದೇ ಅಳತೆಯದಲ್ಲ. ತುಂಗಭದ್ರಾ ಕಾಲುವೆ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಈ ಸೀಮೆಯಲ್ಲಿವೆ. ಅವರು ಇಲ್ಲಿಯವರಾಗಿ ತಲೆಮಾರುಗಳೇ ಕಳೆದಿವೆ, ಅದರಲ್ಲಿ ತಕರಾರಿಲ್ಲ. ಜಮೀನಿರುವ ಕಡೆ ಖರೀದಿ ಪತ್ರ, ಪಹಣಿ, ಕಂದಾಯದ ರಸೀದಿ ಇದ್ದೇ ಇರುತ್ತವೆ. ಕಾಗದ ಇಲ್ಲದಿರುವುದು ಅದೇ ಗದ್ದೆಯಲ್ಲಿ ನಾಟಿ ಮಾಡುವ ಭೂಮಿಯಿಲ್ಲದ ಮನೆಯವರ ಹತ್ತಿರ. ಅವರು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳ ಶಾಲೆ ನಡುನಡುವೆ ತಪ್ಪುತ್ತದೆ, ವ್ಯಾಸಂಗ ಪ್ರಮಾಣಪತ್ರದಲ್ಲಿ ತೂತು ಬೀಳುತ್ತದೆ. ಹಿಂದುಳಿದ ಸೀಮೆಯೆಂದು ಕೊಟ್ಟ ಮೀಸಲಾತಿಯಲ್ಲಿ ಆ ಸೀಮೆಯ ಅತಿ ಹಿಂದುಳಿದವರ ಅರ್ಜಿಯೇ ಹೆಚ್ಚು ದಿನ ಕೂರುವಂತೆ ಮಾಡುವ ಪದ್ಧತಿ ಇದು. ಅಮೆರಿಕದ ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವ ಕನ್ನಡದ ಎಂಜಿನಿಯರುಗಳ ಬಗ್ಗೆ ಮರುಗಿ ಬರೆಯುತ್ತೇವೆ. ಅವರು ಕಾಯುತ್ತಿರುವುದು ಪರದೇಶದ ಬಾಗಿಲಲ್ಲಿ. ಈ ಮಕ್ಕಳು ಕಾಯುವುದು ಸ್ವಂತ ತಾಲ್ಲೂಕಿನ ಬಾಗಿಲಲ್ಲಿ.

ಸಕಾಲ ಇದೆಯಲ್ಲ ಎನ್ನಬಹುದು. 2011ರ ಆ ಕಾಯ್ದೆ ಒಳ್ಳೆಯ ಕಾಯ್ದೆ. ಅರ್ಜಿಗೆ ಸಂಖ್ಯೆ, ಕೆಲಸಕ್ಕೆ ಗಡುವು, ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ವೈದ್ಯಕೀಯ ಸೀಟು ತಪ್ಪಿಸಿಕೊಂಡವರು 500 ರೂಪಾಯಿ ತೆಗೆದುಕೊಂಡು ಏನು ಮಾಡಬೇಕು? ಅದಕ್ಕಿಂತ ದೊಡ್ಡ ಕೊರತೆ ಬೇರೆ. ಗಡುವಿನೊಳಗೆ ಅರ್ಜಿಯನ್ನು ತಿರಸ್ಕರಿಸಿದರೂ ಅದು ವಿಲೇವಾರಿಯೇ. ‘ದಾಖಲೆ ಸಮರ್ಪಕವಿಲ್ಲ’ ಎಂಬ ಒಂದು ಸಾಲು ಬರೆದರೆ ಕಚೇರಿಯ ಲೆಕ್ಕ ಚೊಕ್ಕ, ಅರ್ಜಿದಾರ ಮತ್ತೆ ಮೊದಲಿನಿಂದ. ಯಾವ ದಾಖಲೆ ಸಾಲದು ಎಂದು ಹೇಳದ ಷರಾ ನನ್ನ ಪ್ರಕಾರ ಉತ್ತರವೇ ಅಲ್ಲ, ಅದನ್ನು ವಿಳಂಬದ ಲೆಕ್ಕಕ್ಕೇ ಸೇರಿಸಬೇಕು.

ತಪಾಸಣೆ ಬೇಡವೆಂದು ನಾನು ಹೇಳುತ್ತಿಲ್ಲ. ಶೇ. 70 ಸೀಟು ಇರುವ ಕಡೆ ಸುಳ್ಳು ಕಾಗದ ಹಿಡಿದು ಬರುವವರೂ ಇರುತ್ತಾರೆ. ಒಂದು ಸುಳ್ಳು ಸರ್ಟಿಫಿಕೇಟಿಗೆ ಇಲ್ಲಿನ ಒಂದು ಮಗುವಿನ ಸೀಟು ಹೋಗುತ್ತದೆ. ಎ.ಸಿ. ದರ್ಜೆಯ ಅಧಿಕಾರಿಗೆ ಈ ಕೆಲಸ ವಹಿಸಿದ್ದರ ಹಿಂದೆ ಆ ಭಯ ಇತ್ತು, ಅದು ಸುಳ್ಳು ಭಯವಲ್ಲ. ಆದರೆ ತಡಮಾಡುವುದರಿಂದ ಸುಳ್ಳು ಸಿಕ್ಕಿಬೀಳುವುದಿಲ್ಲ. ಜೂನ್ ತಿಂಗಳ ನೂಕುನುಗ್ಗಲಿನಲ್ಲಿ ಯಾವ ಅಧಿಕಾರಿಯೂ ಒಂದೊಂದು ಕಡತವನ್ನು ಬಿಚ್ಚಿ ನೋಡಲಾರರು. ಗಡಿಬಿಡಿ ಸುಳ್ಳಿಗೆ ಅನುಕೂಲ.

ಸರ್ಕಾರದ ಹತ್ತಿರವೇ ಇರುವ ಮಾಹಿತಿಯನ್ನು ಹುಡುಗನಿಂದ ಮತ್ತೆ ತರಿಸಿಕೊಳ್ಳುವುದೇಕೆ? ಮಗು ಯಾವ ಶಾಲೆಯಲ್ಲಿ ಓದಿತು ಎಂಬುದು ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದತ್ತಾಂಶವಾದ ಸ್ಯಾಟ್ಸ್‌ನಲ್ಲಿದೆ. ಮನೆಯವರು ಯಾರು ಎಂಬುದು ಕುಟುಂಬ ದತ್ತಾಂಶದಲ್ಲಿ, ಪಡಿತರ ಚೀಟಿಯಲ್ಲಿ ಇದೆ. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ಹಿಂದೆ ಪರಿಶೀಲಿಸಿದ ಮಾಹಿತಿಯ ಮೇಲೆ ನಾಡಕಚೇರಿಯ ಕೌಂಟರಿನಲ್ಲೇ ಕೊಡುವ ಏರ್ಪಾಡು ಈ ರಾಜ್ಯಕ್ಕೆ ಹೊಸದಲ್ಲ. ವಾಸ ಸ್ಪಷ್ಟವಾಗಿರುವ ಮಕ್ಕಳಿಗೆ ಹತ್ತನೇ ತರಗತಿಯಲ್ಲಿರುವಾಗಲೇ, ಅರ್ಜಿ ಕೇಳದೆ, ಶಾಲೆಯ ಮೂಲಕವೇ ಇದನ್ನು ಕೊಟ್ಟುಬಿಟ್ಟರೆ ಸಿಇಟಿ ಬರುವ ಹೊತ್ತಿಗೆ ಎರಡು ವರ್ಷ ಕೈಯಲ್ಲಿರುತ್ತದೆ. ಆಗ ಎ.ಸಿ. ಕಚೇರಿಗೆ ಉಳಿಯುವುದು ಆದೋನಿಯಲ್ಲಿ ಹುಟ್ಟಿದವರ, ಗುಳೆ ಹೋದವರ, ದಾಖಲೆ ಹರಿದುಹೋದವರ ಕಡತಗಳು ಮಾತ್ರ. ಅವಕ್ಕೆ ಊರಿಗೆ ಹೋಗಿ, ನೆರೆಹೊರೆಯವರನ್ನು ಕೂರಿಸಿಕೊಂಡು ಪಂಚನಾಮೆ ಮಾಡಿಸಲು ಸಮಯ ಸಿಗುತ್ತದೆ.