ಯಂತ್ರ ನಿಂತ ಸೀಮೆಯಲ್ಲಿ ಒಂದು ಓದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಹೊಳೆಪಾಲಾಯಿತು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ 32 ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಹೊಸಪೇಟೆಯಿಂದ ಕಂಪ್ಲಿಯವರೆಗೆ ಹೊಳೆದಂಡೆಯ ಊರುಗಳಿಗೆ ನಿದ್ದೆಯಿಲ್ಲ. ನಾಟಿ ಮಾಡಿದ ಗದ್ದೆಗೆ ಮುಂದೆ ನೀರು ಸಿಕ್ಕೀತೇ ಎಂಬ ಚಿಂತೆ ಒಂದು ಕಡೆ, ಈಗ ಬರುವ ನೀರು ಎಲ್ಲಿಯವರೆಗೆ ಏರೀತು ಎಂಬ ದಿಗಿಲು ಇನ್ನೊಂದು ಕಡೆ. ಆ ವಾರ ನಾನು ಇ.ಎಂ. ಫಾರ್ಸ್ಟರ್‌ನ ‘ದಿ ಮಷೀನ್ ಸ್ಟಾಪ್ಸ್’ ನೀಳ್ಗತೆಯನ್ನು ಮತ್ತೆ ಕೈಗೆತ್ತಿಕೊಂಡೆ.

1909ರ ಕಥೆ ಅದು. ಮನುಷ್ಯರೆಲ್ಲ ನೆಲದಡಿಯ ಗೂಡುಗಳಲ್ಲಿ ಒಬ್ಬೊಬ್ಬರೇ ವಾಸ. ಗಾಳಿ, ಅನ್ನ, ಸ್ನಾನ, ಸಂಗೀತ, ಮಾತುಕತೆ ಎಲ್ಲವನ್ನೂ ಯಂತ್ರ ಒದಗಿಸುತ್ತದೆ. ವಷ್ಟಿ ಎಂಬ ತಾಯಿ ಭೂಮಿಯ ಇನ್ನೊಂದು ಮಗ್ಗುಲಲ್ಲಿರುವ ಮಗ ಕೂನೋನನ್ನು ಒಂದು ಹೊಳೆಯುವ ಫಲಕದಲ್ಲಿ ನೋಡಿ ಮಾತಾಡುತ್ತಾಳೆ. ಅವನಿಗೆ ಬೇಕಾದದ್ದು ಮುಖಾಮುಖಿ ಭೇಟಿ. ಕೊನೆಗೂ ಒಪ್ಪಿ ವಾಯುನೌಕೆ ಹತ್ತಿದ ತಾಯಿ, ಕೆಳಗೆ ಬೆಟ್ಟಸಾಲು ಕಂಡಾಗ ಅದರಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಕಿಟಕಿಗೆ ಪರದೆ ಎಳೆಸುತ್ತಾಳೆ. ಬಳ್ಳಾರಿಯ ಗಣಿಸೀಮೆಯಾದ ಸಂಡೂರಿನ ಬೆಟ್ಟಗಳ ನಡುವೆ ಓಡಾಡಿದ ಯಾರಿಗೂ ಈ ಪರದೆ ಮರೆಯುವಂಥದ್ದಲ್ಲ.

ಮೊದಲ ಓದಿನಲ್ಲಿ ನನ್ನನ್ನು ಹಿಡಿದದ್ದು ಆ ಫಲಕ. ವಿಡಿಯೋ ಕರೆಯನ್ನು ನೂರು ವರ್ಷ ಮೊದಲೇ ಕಂಡವನು ಎಂದು ಎಲ್ಲರೂ ಫಾರ್ಸ್ಟರ್‌ನನ್ನು ಹೊಗಳುತ್ತಾರೆ. ಈಗ ಆ ಹೊಗಳಿಕೆ ಸಣ್ಣದೆನಿಸುತ್ತದೆ. ಕಥೆಯ ನಿಜವಾದ ಕಸುವು ಕೊನೆಯ ಭಾಗದಲ್ಲಿದೆ. ಮೊದಲು ಸಂಗೀತದಲ್ಲಿ ಅಪಸ್ವರ ಕೇಳಿಸುತ್ತದೆ, ಆಮೇಲೆ ಸ್ನಾನದ ನೀರು ನಾರುತ್ತದೆ. ಜನ ದೂರು ಕೊಡುತ್ತಾರೆ, ಕಾಯುತ್ತಾರೆ, ಕಡೆಗೆ ಹೊಂದಿಕೊಳ್ಳುತ್ತಾರೆ. ದುರಸ್ತಿ ಮಾಡುವ ಯಂತ್ರವೇ ಕೆಟ್ಟಿದೆ ಎಂದು ತಿಳಿಯುವ ಹೊತ್ತಿಗೆ ಅದನ್ನು ಪೂರ್ತಿ ಬಲ್ಲ ಒಬ್ಬ ಮನುಷ್ಯನೂ ಉಳಿದಿಲ್ಲ. ಬಹುತೇಕರನ್ನು ಯಂತ್ರ ಹೊಡೆಯಲಿಲ್ಲ, ಬಡಿಯಲಿಲ್ಲ. ಕೈಯ ಕಸುಬು ಮರೆಸಿತು, ಕೆಟ್ಟದ್ದಕ್ಕೆ ಒಗ್ಗಿಸಿತು. ಆರ್ವೆಲ್‌ನ ‘1984’ರ ಟೆಲಿಸ್ಕ್ರೀನಿಗಿಂತ, ಹಕ್ಸ್ಲಿ ತನ್ನ ಕಾದಂಬರಿಯಲ್ಲಿ ಹಂಚಿದ ಸೋಮ ಎಂಬ ಮತ್ತಿನ ಗುಳಿಗೆಗಿಂತ ಇದೇ ಹೆಚ್ಚು ಭಯ ಹುಟ್ಟಿಸುತ್ತದೆ, ಯಾಕೆಂದರೆ ಇಲ್ಲಿ ಖಳನೇ ಇಲ್ಲ.

ನಮ್ಮ ಡ್ಯಾಮಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ನಿವೃತ್ತಿಯಾಗಿ ಮನೆಯಲ್ಲಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗದಲ್ಲಿ ತುಂಡುತುಂಡಾಗಿ ಕೂರಿಸುವ ತಡೆ, ಇಳಿಸುವ ಯೋಜನೆ ಅವರದು. ಹಗಲಿರುಳು ದುಡಿದವರು ಆಗಸ್ಟ್ 17ರ ಹೊತ್ತಿಗೆ ಐದು ತುಂಡುಗಳನ್ನೂ ಕೂರಿಸಿ ನೀರು ತಡೆದರು. ಬಲ್ಲವರು ಇನ್ನೂ ಬದುಕಿದ್ದರು, ಕರೆದರೆ ಬರುವಷ್ಟು ಹತ್ತಿರವಿದ್ದರು. ಫಾರ್ಸ್ಟರ್‌ನ ಲೋಕಕ್ಕೂ ನಮಗೂ ಇದ್ದ ಅಂತರ ಅಷ್ಟೇ. ಇಲ್ಲೇ ಹಂಪಿಯ ಬಾಳೆತೋಟಗಳಿಗೆ ವಿಜಯನಗರದ ಕಾಲದ ತುರ್ತು ಕಾಲುವೆ ಇಂದಿಗೂ ನೀರು ಹರಿಸುತ್ತಿದೆ. ಅದೂ ತಂತ್ರಜ್ಞಾನವೇ. ಆದರೆ ಹೂಳು ತುಂಬಿದರೆ ಗುದ್ದಲಿ ಹಿಡಿದವನಿಗೂ ಏನು ಮಾಡಬೇಕೆಂದು ಗೊತ್ತು. ಹಾಗಾಗಿ ತಂತ್ರಜ್ಞಾನವನ್ನೇ ಸಾರಾಸಗಟಾಗಿ ಬೈಯುವ ಓದನ್ನು ನಾನು ಒಪ್ಪಲಾರೆ.

ಫಾರ್ಸ್ಟರ್ ಮೇಲೆ ನನ್ನ ದೂರು ಬೇರೆಯೇ ಇದೆ. ಅಷ್ಟು ದೊಡ್ಡ ಯಂತ್ರಕ್ಕೆ ಕಬ್ಬಿಣ ಎಲ್ಲಿಂದ ಬಂತು? ಯಾವ ಬೆಟ್ಟ ಕರಗಿತು? ಕಥೆ ಕೇಳುವುದೇ ಇಲ್ಲ. ಬ್ರ್ಯಾಡ್‌ಬರಿಯ ‘ಫ್ಯಾರನ್‌ಹೀಟ್ 451’ರಲ್ಲಿ ಗೋಡೆಯಗಲದ ಟಿವಿಗಳಿವೆ, ಅದಿರಿನ ಗುಂಡಿ ಇಲ್ಲ. 1937ರ ಪುಸ್ತಕಕ್ಕಾಗಿ ಕಲ್ಲಿದ್ದಲ ಗಣಿಗೆ ಸ್ವತಃ ಇಳಿದು ಬಂದ ಆರ್ವೆಲ್ ಕೂಡ ‘1984’ರಲ್ಲಿ ಗಣಿಯ ಕಡೆ ತಿರುಗಲಿಲ್ಲ. ಈ ಕೃತಿಗಳೆಲ್ಲ ಯಂತ್ರ ಬಳಸುವವರ ಕೋಣೆಯಲ್ಲಿ ಕೂತು ಬರೆದಂಥವು. ಯಂತ್ರಕ್ಕಾಗಿ ಅಗೆಸಿಕೊಂಡ ಊರಿನ ಪಾಡು ಅವುಗಳ ಕಣ್ಣಿಗೆ ಬೀಳಲಿಲ್ಲ.

ಆ ಪಾಡು ಕಂಡದ್ದು ಕನ್ನಡದ ಒಂದು ಸಣ್ಣಕತೆಗೆ. ಸಂಡೂರಿನಲ್ಲಿ ಹುಟ್ಟಿ, ಬಹುಕಾಲ ಸಾಫ್ಟ್‌ವೇರ್ ಕೆಲಸದಲ್ಲಿದ್ದ ವಸುಧೇಂದ್ರ ‘ಹಂಪಿ ಎಕ್ಸ್‌ಪ್ರೆಸ್’ ಸಂಕಲನದಲ್ಲಿ ‘ಕೆಂಪು ಗಿಣಿ’ ಎಂಬ ಕಥೆ ಬರೆದರು. ಹೆಸರೇ ಅರ್ಧ ಕಥೆ ಹೇಳುತ್ತದೆ: ಗಣಿಧೂಳು ಬಿದ್ದ ನಾಡಿನಲ್ಲಿ ಗಿಣಿಯ ಹಸಿರಿಗೂ ಭರವಸೆಯಿಲ್ಲ. ಭವಿಷ್ಯದ ಇಸವಿ ಇಲ್ಲ, ಕಲ್ಪಿತ ಯಂತ್ರ ಇಲ್ಲ. ಜೆಸಿಬಿ, ಟಿಪ್ಪರ್ ನಮ್ಮ ರಸ್ತೆಯಲ್ಲೇ ಇದ್ದವು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ಆ ವರ್ಷಗಳಲ್ಲಿ ಹೊಲ ಕೆತ್ತಿ ಅದಿರು ಮಾರಿದವರಿದ್ದರು, ಸಾಲ ಮಾಡಿ ಟಿಪ್ಪರ್ ತಂದವರಿದ್ದರು. ಮರದ ಎಲೆ ಕೆಂಪು, ಒಣಹಾಕಿದ ಬಟ್ಟೆ ಕೆಂಪು. ನಾವೂ ಹೊಂದಿಕೊಂಡೆವು, ವಷ್ಟಿಯ ಹಾಗೇ. ನಾಳೆ ಬಂದೀತು ಎಂದು ಪಶ್ಚಿಮದ ಲೇಖಕರು ಹೆದರಿಸಿದ್ದನ್ನು ಇಲ್ಲಿಯ ಕಥೆಗಾರ ವರ್ತಮಾನವಾಗಿ ಬರೆಯಬೇಕಾಯಿತು. ಕಲೆಯ ದೃಷ್ಟಿಯಿಂದಲೂ ಇದು ಮೇಲು. ಫಾರ್ಸ್ಟರ್ ಯಂತ್ರದ ವಿವರಣೆಗೆ ಪುಟಗಟ್ಟಲೆ ತೆಗೆದುಕೊಂಡರೆ ಇಲ್ಲಿ ಒಂದು ಹಕ್ಕಿಯ ಬಣ್ಣ ಸಾಕಾಗಿದೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ನಮ್ಮಲ್ಲಿ ಯಂತ್ರ ನಿಜಕ್ಕೂ ನಿಂತ ದಿನ ಅದು. ಫಾರ್ಸ್ಟರ್‌ನಲ್ಲಿ ಯಂತ್ರ ನಿಂತರೆ ಲೋಕವೇ ಕುಸಿಯುತ್ತದೆ, ಕಥೆ ಮುಗಿಯುತ್ತದೆ. ಸಂಡೂರಿನಲ್ಲಿ ಏನೂ ಮುಗಿಯಲಿಲ್ಲ. ಟಿಪ್ಪರುಗಳು ನಿಂತಲ್ಲೇ ನಿಂತವು, ಸಾಲದ ಕಂತು ನಿಲ್ಲಲಿಲ್ಲ, ಹೊಲಕ್ಕೆ ಮೇಲ್ಮಣ್ಣು ಮರಳಲಿಲ್ಲ. 2013ರಲ್ಲಿ ಷರತ್ತುಗಳೊಡನೆ ಯಂತ್ರ ಮತ್ತೆ ಚಾಲೂ ಆಯಿತು. ನಿಂತ ಮೇಲಿನ ಈ ಬದುಕನ್ನು ಬರೆಯುವ ಧೈರ್ಯ ಫಾರ್ಸ್ಟರ್‌ನ ಕಥೆಗಿಲ್ಲ, ಪ್ರಳಯ ತಂದು ಕೈತೊಳೆದುಕೊಳ್ಳುತ್ತದೆ. ಆ ಮಹಾನ್ ಕಥೆಯ ದೊಡ್ಡ ಕೊರತೆ ಇದು.

ಎರಡೂ ಕಥೆಗಳನ್ನು ಒಟ್ಟಿಗೆ ಓದಿ, ‘ಕೆಂಪು ಗಿಣಿ’ಯನ್ನು ಮೊದಲು. ಹಾಗೇ ಆಗಸ್ಟ್ 10ರ ರಾತ್ರಿ ಕಂಪ್ಲಿಯ ಹೊಳೆದಂಡೆಯಲ್ಲಿ ಎಚ್ಚರವಿದ್ದವರು ಅದನ್ನು ಬರೆಯಲಿ, ನೆನಪು ಹಸಿಯಿರುವಾಗಲೇ.